‘ಗೆಟ್’ ಪದದ ಅರ್ಥ ಅದರ ಮುಂದಿನ ಪದದಲ್ಲಿದೆ

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ (get) ಹುಡುಕಿದರೆ ಅರ್ಥಗಳು ಪುಟಗಟ್ಟಲೆ ಸಿಗುತ್ತವೆ. ಅವನ್ನೆಲ್ಲ ಉರು ಹೊಡೆಯುವುದು ವ್ಯರ್ಥ. ಗೆಟ್ ಆದಮೇಲೆ ಎಂಥ ಪದ ಬಂದಿದೆ ಎಂದು ನೋಡಿದರೆ ಮುಕ್ಕಾಲು ಪಾಲು ಅರ್ಥ ಬಿಡಿಸಿಕೊಳ್ಳುತ್ತದೆ.

ನಾಮಪದ ಬಂದರೆ ಸಿಗು, ಪಡೆ, ತಂದುಕೊಡು: ‘ಐ ಗಾಟ್ ಎ ಲೆಟರ್’, ‘ಗೆಟ್ ಮಿ ಸಮ್ ವಾಟರ್’. ಗುಣವಾಚಕ ಬಂದರೆ ಆಗು: ‘ಇಟ್ಸ್ ಗೆಟಿಂಗ್ ಡಾರ್ಕ್’ ಅಂದರೆ ಕತ್ತಲಾಗುತ್ತಿದೆ. ಜಾಗದ ಹೆಸರು ಬಂದರೆ ತಲುಪು. ‘ಗೆಟ್ ಟು ದಿ ಆಫೀಸ್’ ಸರಿ, ಆದರೆ ಹೋಮ್, ಹಿಯರ್, ದೇರ್ ಇವುಗಳ ಮುಂಚೆ ‘ಟು’ ಹಾಕಬಾರದು. ‘ಗೆಟ್ ಹೋಮ್’, ಅಷ್ಟೇ.

ಕನ್ನಡಿಗರು ಹೆಚ್ಚು ಎಡವುವುದು ‘ಮಾಡಿಸು’ ಎನ್ನಬೇಕಾದಾಗ. ನಮಗೆ ‘ಇಸು’ ಪ್ರತ್ಯಯ ಒಂದೇ ಸಾಕು. ಇಂಗ್ಲಿಷಿನಲ್ಲಿ ಎರಡು ಅಚ್ಚುಗಳಿವೆ. ಗೆಟ್ ಆದಮೇಲೆ ಕೆಲಸ ಮಾಡುವ ವ್ಯಕ್ತಿ ಬಂದರೆ ‘ಟು’ ಬೇಕು: ‘ಐ ಗಾಟ್ ಹಿಮ್ ಟು ಫಿಕ್ಸ್ ದಿ ಬೈಕ್’. ಕೆಲಸಕ್ಕೆ ಒಳಗಾಗುವ ವಸ್ತು ಬಂದರೆ ಕ್ರಿಯಾಪದದ ಮೂರನೆಯ ರೂಪ ಬೇಕು: ‘ಐ ಗಾಟ್ ದಿ ಬೈಕ್ ಫಿಕ್ಸ್ಡ್’. ‘ಗಾಟ್ ಹಿಮ್ ಫಿಕ್ಸ್’, ‘ಗಾಟ್ ದಿ ಬೈಕ್ ಫಿಕ್ಸ್’ ಎರಡೂ ತಪ್ಪು. ಮೊದಲನೆಯದಕ್ಕೆ ಕಾರಣ ‘ಮೇಕ್’ ಜೊತೆಗಿನ ಗೊಂದಲ: ‘ಐ ಮೇಡ್ ಹಿಮ್ ಫಿಕ್ಸ್ ಇಟ್’ ಎನ್ನುವಾಗ ಟು ಇರುವುದಿಲ್ಲ. ಅರ್ಥವೂ ಬೇರೆ. ಮೇಕ್‌ನಲ್ಲಿ ಬಲವಂತವಿದೆ, ಗೆಟ್‌ನಲ್ಲಿ ಒಪ್ಪಿಸಿ ಮಾಡಿಸಿದ ಛಾಯೆ.

ಇದೇ ಎರಡನೆಯ ಅಚ್ಚು ನಾವು ಮಾಡಿಸದೆ ನಮಗೆ ಆದದ್ದನ್ನೂ ಹೇಳುತ್ತದೆ. ‘ಹಿ ಗಾಟ್ ಹಿಸ್ ಫೋನ್ ಸ್ಟೋಲನ್’ ಎಂದರೆ ಅವನ ಫೋನ್ ಕಳವಾಯಿತು. ಅವನೇ ಕದಿಸಿದ ಎಂದು ಯಾರೂ ಓದಿಕೊಳ್ಳುವುದಿಲ್ಲ. ಇಲ್ಲಿ ವ್ಯಾಕರಣ ಕೈಬಿಡುತ್ತದೆ, ಸಂದರ್ಭವೇ ಗತಿ.

ಗೆಟ್ ಆದಮೇಲೆ ನೇರವಾಗಿ ಮೂರನೆಯ ರೂಪ ಬಂದರೆ ಕರ್ಮಣಿ ಪ್ರಯೋಗ: ‘ಶಿ ಗಾಟ್ ಪ್ರಮೋಟೆಡ್’. ಹಠಾತ್ ಆದದ್ದಕ್ಕೆ, ಒಳಿತು ಕೆಡುಕು ತಟ್ಟುವಂಥದ್ದಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ‘ಗೆಟ್ ಲಾಸ್ಟ್’ ಮಾತ್ರ ಜೋಪಾನ. ‘ವಿ ಗಾಟ್ ಲಾಸ್ಟ್’ ಎಂದರೆ ದಾರಿ ತಪ್ಪಿದೆವು. ಎದುರಿಗಿದ್ದವರಿಗೆ ‘ಗೆಟ್ ಲಾಸ್ಟ್’ ಎಂದರೆ ತೊಲಗಾಚೆ.

ವಾಹನಗಳ ವಿಷಯದಲ್ಲಿ ನಾವು ಬಳಸುವ ‘ಗೆಟ್ ಡೌನ್’ ಹೊರಗಿನವರ ಕಿವಿಗೆ ವಿಚಿತ್ರ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ತಲೆ ಬಗ್ಗಿಸಿ ನುಗ್ಗಿ ಕೂರುವ ಕಾರಿಗೆ ಗೆಟ್ ಇನ್, ಗೆಟ್ ಔಟ್ ಆಫ್. ಸೈಕಲ್ ಏರುವಂಥದ್ದು, ಹಾಗಾಗಿ ಆನ್, ಆಫ್.

ಇನ್ನು ಗೆಟ್‌ನ ಇನ್ನೊಂದು ಮೂರನೆಯ ರೂಪ ‘ಗಾಟನ್’. ಬ್ರಿಟನ್ನಿನಲ್ಲಿ ಮೂರನೆಯ ರೂಪವೂ ಸಾಮಾನ್ಯವಾಗಿ ಗಾಟ್. ಅಮೆರಿಕದಲ್ಲಿ ಎರಡೂ ಉಂಟು, ಅರ್ಥ ಬೇರೆ ಬೇರೆ: ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ನನ್ನ ಹತ್ತಿರ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಸಿಕ್ಕಿದೆ, ಕೊಂಡಿದ್ದೇನೆ. ‘ಹ್ಯಾವ್ ಗಾಟ್ ಟು ಗೋ’ ಎಂದರೆ ಹೋಗಲೇಬೇಕು. ಅಲ್ಲಿ ಗಾಟನ್ ಹಾಕಿದರೆ ಹೋಗುವ ಅವಕಾಶ ಸಿಕ್ಕಿದೆ ಎಂದಾಗಿಬಿಡುತ್ತದೆ.