ಈ ನೀರು ಎಲ್ಲಿಗಿ ಹೋಗ್ತದೋ ಯಪ್ಪಾ

ಮೇ ತಿಂಗಳ ಕೊನೆಯ ಒಂದು ಭಾನುವಾರ. ಪುಣೆಯ ಪಾಷಾಣ್‌ನಲ್ಲಿರುವ ನಮ್ಮ ಮನೆ ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದೆ. ಊರಿಂದ ಬಂದಿದ್ದ ಅವ್ವ ಮೆಟ್ಟಿಲ ಮೇಲೆ ಕೂತು ಮೆಂತೆ ಪಲ್ಯ ಸೋಸುತ್ತಿದ್ದಳು. ಬಟ್ಟೆ ಸೋಪಿನ ಪುಡಿಯ ನೊರೆ, ಚೈನಿನ ಗ್ರೀಸು ಎಲ್ಲ ಸೇರಿ ಕಪ್ಪು ನೀರು ಗೇಟು ದಾಟಿ ಮಳೆನೀರಿನ ಚರಂಡಿಗೆ ಇಳಿಯಿತು.

"ಈ ನೀರು ಎಲ್ಲಿಗಿ ಹೋಗ್ತದೋ ಯಪ್ಪಾ?"

ಹೇಳುತ್ತಾ ಹೋದೆ. ಚರಂಡಿಯಿಂದ ರಾಮ ನದಿ, ಅಲ್ಲಿಂದ ಮುಳಾ, ಮುಂದೆ ಮುಠಾ ಬಂದು ಸೇರುತ್ತದೆ, ಎರಡೂ ಕೂಡಿ ಭೀಮೆಗೆ, ಆಮೇಲೆ ಉಜನಿ ಡ್ಯಾಮು, ಪಂಢರಪುರ... ಅಲ್ಲಿಗೆ ಮಾತು ನಿಂತಿತು. ಮುಂದಿನದು ಅವ್ವನಿಗೇ ಗೊತ್ತು. ನಮ್ಮೂರು ಗಾಣಗಾಪುರದ ಪಕ್ಕ. ಅಮರ್ಜಾ ಭೀಮೆಗೆ ಸೇರುವ ಸಂಗಮದಲ್ಲಿ ಅವಳು ಹುಣ್ಣಿಮೆಗೆ ಮುಳುಗು ಹಾಕಿ ತಂಬಿಗೆ ತುಂಬಿಕೊಂಡು ಬರುತ್ತಾಳೆ.

"ಅಂದ್ರ ನಮ್ಮ ಹೊಳಿಗೇ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಂದು ಬೈಕಿನ ನೊರೆ ಅಷ್ಟು ದೂರ ಮುಟ್ಟುವುದಿಲ್ಲ, ನಿಜ. ಆದರೆ ನಮ್ಮ ಗಲ್ಲಿಯಲ್ಲೇ ಭಾನುವಾರ ಬಂತೆಂದರೆ ಎಷ್ಟು ಗಾಡಿ ತೊಳೆಯುತ್ತಾರೆ, ಅಲ್ವಾ? ಬಚ್ಚಲಿನ ನೀರಿಗೆ ಒಳಚರಂಡಿ, ಶುದ್ಧೀಕರಣ ಘಟಕ ಅಂತ ಒಂದು ದಾರಿಯಾದರೂ ಇದೆ, ಅದೂ ಪೂರ್ತಿ ಅಲ್ಲ. ಮಳೆನೀರಿನ ಚರಂಡಿಗೆ ಬಿದ್ದದ್ದು ಮಾತ್ರ ಸೋಸದೆ ನೇರ ನದಿಗೇ. ಕೊಳೆನೀರು, ಸೋಪು, ಗೊಬ್ಬರ ತಿಂದೇ ಬೇಸಿಗೆಯಲ್ಲಿ ಮುಳಾ ನದಿಯ ಮೇಲೆ ಜಲಪರ್ಣಿ ಅನ್ನುವ ತೇಲುವ ಕಳೆ ಹಾಸಿಕೊಳ್ಳುವುದು. ಅದರ ಕೆಳಗೆ ಬಿಸಿಲಿಲ್ಲ, ಗಾಳಿಯಿಲ್ಲ, ಮೀನು ಹೇಗೆ ಬದುಕಬೇಕು?

ಅವತ್ತಿಂದ ಬೈಕನ್ನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಮಣ್ಣಿನ ಮೇಲೆ ನಿಲ್ಲಿಸುತ್ತೇನೆ. ಮೊದಲು ಚೈನಿನ ಗ್ರೀಸನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಸಕ್ಕೆ ಹಾಕಿ, ಆಮೇಲೆ ಅರ್ಧ ಬಕೆಟ್ ನೀರು. ಪುಡಿ ಇಲ್ಲ. ಕರಿದ ಎಣ್ಣೆ ಜಾಸ್ತಿ ಉಳಿದರೆ ಹೆಂಡತಿ ಸಿಂಕಿಗೆ ಸುರಿಯುವುದಿಲ್ಲ, ಆರಿದ ಮೇಲೆ ಹಳೇ ಪೇಪರಿಗೆ ಹೀರಿಸಿ ಕಸಕ್ಕೆ ಹಾಕುತ್ತಾಳೆ. ಮೊದಲ ಮಳೆಗೆ ಮುಂಚೆ ಇಬ್ಬರೂ ಸೇರಿ ಅಂಗಳ ಗುಡಿಸಿದೆವು. ನಾಯಿ ಹೇಲು, ಕುಂಡದಿಂದ ಚೆಲ್ಲಿದ ಗೊಬ್ಬರ, ಎಲ್ಲವನ್ನೂ ಆ ಮಳೆಯೇ ಚರಂಡಿಗೆ ತಳ್ಳುವುದು.

ಜುಲೈನಲ್ಲಿ ಅವ್ವ ಫೋನ್ ಮಾಡಿದಾಗ ಹೊಳಿ ನೀರು ಹ್ಯಾಂಗ ಅದ ಅಂತ ನಾನೇ ಕೇಳಿದೆ.

"ಹೊಸ ನೀರು ಬಂದಾವ. ಕೆಂಪಗ ಅದಾವ, ದಂಡಿ ತುಂಬಿ ಹೊಂಟಾವ" ಅಂದಳು.