ಅದೇ ಕಾಲಿಗೆ ಎರಡನೇ ಸಲ

ಹೋದ ವಾರ ಕಡೂರಿನ ಕಡೆಯ ಒಬ್ಬ ತಂದೆ ಫೋನ್ ಮಾಡಿದ್ದರು. ಮಗನಿಗೆ ಮೂಳೆ ಕ್ಯಾನ್ಸರ್ ಆಪರೇಷನ್ ಆದ ಜಾಗದಲ್ಲೇ ಮತ್ತೆ ಗಂಟು ಬಂದಿದೆ. "ನಿಮಗೂ ಹಿಂಗೇ ಆಗಿತ್ತಂತಲ್ಲಮ್ಮ, ಈಗ ಹೆಂಗಿದೀರಿ?" ಅಂದರು. ಆರು ವರ್ಷ ದಾಟಿತು ಸಾರ್, ಚೆನ್ನಾಗಿದೀನಿ ಅಂದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಅವರಿಗೆ ಹೇಳಿದ್ದನ್ನೂ, ಫೋನಿನಲ್ಲಿ ಹೇಳಲಾಗದೆ ಉಳಿದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಬಂದಿದ್ದು ಆಸ್ಟಿಯೊಸಾರ್ಕೋಮ ಅನ್ನುವ ಮೂಳೆ ಕ್ಯಾನ್ಸರ್. ಎಡ ತೊಡೆಮೂಳೆಯ ಕೆಳತುದಿ, ಮಂಡಿಗೆ ಸ್ವಲ್ಪ ಮೇಲೆ. ಬೆಳೆಯುವ ವಯಸ್ಸಿನವರಿಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಮಂಡಿಯ ಆಸುಪಾಸಿನಲ್ಲೇ. 2017ರಲ್ಲಿ, ಪಿಯುಸಿ ಓದುವಾಗ, ಕೀಮೋ ಕೊಟ್ಟು, ಕೆಟ್ಟ ಮೂಳೆ ತೆಗೆದು, ಲೋಹದ ಮಂಡಿ ಕೂರಿಸಿ ಕಾಲು ಉಳಿಸಿದರು. ತೆಗೆದ ಗಡ್ಡೆಯಲ್ಲಿ ಕೀಮೋಗೆ ಸತ್ತಿದ್ದು 70 ಪರ್ಸೆಂಟ್ ಮಾತ್ರ. 90 ದಾಟಿದರೆ ಔಷಧಿ ಚೆನ್ನಾಗಿ ಹಿಡಿದಿದೆ ಅಂತ ಲೆಕ್ಕ. ಆ ಕಾಗದ ನಮ್ಮ ಫೈಲಿನಲ್ಲೇ ಇತ್ತು. ಮನೆಯಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ.

2019ರ ಮಾರ್ಚ್. ಸ್ನಾನ ಮಾಡುವಾಗ ಹೊಲಿಗೆಯ ಗುರುತಿನ ಪಕ್ಕದಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಅಮ್ಮನಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಊರಲ್ಲಿ ಒಬ್ಬರು, ಅದು ಹೊಲಿಗೆ ಗಂಟು, ಎಣ್ಣೆ ಹಾಕಿ ತಿಕ್ಕಿ ಅಂದರು. ಮೂರು ವಾರ ತಿಕ್ಕಿದೆವು. ಆ ಮೂರು ವಾರ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಬೆಂಗಳೂರಿಗೆ ಹೋದೆವು. ಒಳಗಿನ ಲೋಹದಿಂದ ಎಂಆರ್‌ಐ ಚಿತ್ರ ಮಸುಕಾಗಿ ಬಂತು. ಅಲ್ಟ್ರಾಸೌಂಡ್‌ನಲ್ಲಿ ಗಂಟು ನೋಡಿಕೊಂಡು, ಸೂಜಿ ಹಾಕಿ ಚೂರು ತೆಗೆದರು. ಅದೇ ಕಾಯಿಲೆ. ನಾನು ಕಾಲಿನ ಬಗ್ಗೆ ಕೇಳಿದರೆ ಡಾಕ್ಟರು, "ಮೊದಲು ಎದೆಯ ಸಿಟಿ ಸ್ಕ್ಯಾನ್ ಆಗಲಮ್ಮ, ಆಮೇಲೆ ಕಾಲಿನ ಮಾತು" ಅಂದರು. ಈ ಕಾಯಿಲೆ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ. ಇದ್ದ ಜಾಗದಲ್ಲೇ ಮರಳಿದ ಎಷ್ಟೋ ಜನರಿಗೆ ಅಲ್ಲೂ ಚುಕ್ಕೆ ಇರುತ್ತದೆ. ನನಗಿರಲಿಲ್ಲ. ಅಪ್ಪ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು.

ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಈ ಕಾಯಿಲೆ ಮರಳಿದ ಮೇಲೆ ಐದು ವರ್ಷ ಬದುಕುವವರು 100ಕ್ಕೆ ಸುಮಾರು 20–30 ಜನ. ಬೆಳಗ್ಗೆ ಅದನ್ನೇ ಡಾಕ್ಟರ ಮುಂದಿಟ್ಟೆ. ಅವರು ಬಯ್ಯಲಿಲ್ಲ. ಎರಡೂ ಶ್ವಾಸಕೋಶಕ್ಕೆ ಹರಡಿದವರು, ಆಪರೇಷನ್ನೇ ಆಗದವರು, ಒಂದೇ ಕಡೆ ಬಂದು ಪೂರ್ತಿ ತೆಗೆಸಿಕೊಂಡವರು, ಎಲ್ಲರನ್ನೂ ಸೇರಿಸಿದ ಲೆಕ್ಕ ಅದು ಅಂದರು. ಎರಡು ವರ್ಷದೊಳಗೇ ಮರಳಿದ್ದು ಒಳ್ಳೆಯ ಲಕ್ಷಣ ಅಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. "ನೀನು ಕೇಳಬೇಕಾದ್ದು, ಇದನ್ನ ಪೂರ್ತಿ ತೆಗೆಯೋಕೆ ಆಗುತ್ತಾ ಅಂತ." ಕಡೂರಿನವರಿಗೆ ನಾನು ಎರಡು ಸಲ ಹೇಳಿದ್ದು ಇದನ್ನೇ.

ಪೂರ್ತಿ ತೆಗೆಯಬಹುದಿತ್ತು, ಕಾಲಿನ ಸಮೇತ. ಕೆಲವರಿಗೆ ಗಂಟನ್ನು ಸುತ್ತಲಿನ ಒಳ್ಳೆಯ ಮಾಂಸದೊಂದಿಗೆ ತೆಗೆದು ಕಾಲು ಉಳಿಸುತ್ತಾರೆ. ನನ್ನದು ದೊಡ್ಡ ರಕ್ತನಾಳಕ್ಕೆ ಅಂಟಿತ್ತು. ಕಾಲು ಉಳಿಸಲು ಹೋದರೆ ಕಾಯಿಲೆಯೂ ಉಳಿಯಬಹುದು ಅಂದರು. ನಾನು ಹತ್ತು ದಿನ ಒಪ್ಪಲಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಾಲು, ಮಗುವಿಗೆ ಕಲಿಸಿದ ಹಾಗೆ ಅದಕ್ಕೆ ನಡೆಯಲು ಕಲಿಸಿದ್ದೆ. ಮೊದಲ ಸಲ ಕಾಯಿಲೆ ಅಂದಾಗ ಕೂಡ ಹಾಗೆ ಅತ್ತಿರಲಿಲ್ಲ. ಆಪರೇಷನ್ನಿನ ಹಿಂದಿನ ರಾತ್ರಿ ಅಮ್ಮ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಉಗುರು ಕತ್ತರಿಸಿದರು. ಏನೂ ಮಾತಾಡಲಿಲ್ಲ.

ಆಮೇಲೆ ಕೀಮೋ. ಹಳೆಯ ಕೆಂಪು ಔಷಧಿ, ಡಾಕ್ಸೊರುಬಿಸಿನ್, ಮತ್ತೆ ಕೊಡುವ ಹಾಗಿರಲಿಲ್ಲ. ಹೃದಯಕ್ಕೆ ಪೆಟ್ಟು ಕೊಡುವುದರಿಂದ ಅದಕ್ಕೆ ಜೀವಮಾನದ ಮಿತಿ ಇದೆ, ನನ್ನದು ಮೊದಲ ಸಲವೇ ಹೆಚ್ಚುಕಡಿಮೆ ಮುಗಿದಿತ್ತು. ಐಫಾಸ್ಫಮೈಡ್, ಎಟೊಪೊಸೈಡ್ ಕೊಟ್ಟರು. ಪೂರ್ತಿ ತೆಗೆದ ಮೇಲೂ ಕೀಮೋ ಬೇಕೇ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಂದೇ ಮಾತಿಲ್ಲ. ನಮ್ಮವರು ಬೇಕು ಅಂದರು, ತೆಗೆದುಕೊಂಡೆ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತಿದ್ದರಿಂದ ಅಪ್ಪ ತೋಟ ಮಾರಲಿಲ್ಲ.

ಉಳಿದ ತೊಡೆಗೆ ಎಂಟರ ಆಕಾರದಲ್ಲಿ ಬ್ಯಾಂಡೇಜ್ ಬಿಗಿಯುವುದು, ಸೊಂಟದ ಕೀಲು ಮಡಚಿಕೊಂಡು ಬಿಗಿಯಬಾರದೆಂದು ದಿನಾ ಬೋರಲು ಮಲಗುವುದು, ಇವನ್ನು ಬಿಡಬೇಡಿ. ಕೃತಕ ಕಾಲು ಸರಿಯಾಗಿ ಕೂರುವುದು ಅದರ ಮೇಲೆಯೇ. ಇಲ್ಲದ ಕಾಲಿನ ಹೆಬ್ಬೆರಳು ಈಗಲೂ ಕೆಲವು ರಾತ್ರಿ ಜುಮ್ಮೆನ್ನುತ್ತದೆ. ಅದು ಹುಚ್ಚಲ್ಲ, ಮಾತ್ರೆ ಇದೆ, ಡಾಕ್ಟರಿಗೆ ಹೇಳಿ.

ಈಗ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ಇದ್ದ ಎದೆಯ ಪರೀಕ್ಷೆ ಈಗ ವರ್ಷಕ್ಕೊಮ್ಮೆ. ಹಿಂದಿನ ರಾತ್ರಿ ನಿದ್ದೆ ಇವತ್ತಿಗೂ ಬರುವುದಿಲ್ಲ.

ಕಡೂರಿನ ಹುಡುಗನಿಗೆ ಗುರುವಾರ ಎದೆಯ ಸಿಟಿ. ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡ್ತೀನಿ ಅಂದಿದ್ದಾರೆ ಅವರಪ್ಪ. ಆ ದಿನ ಕೆಲಸಕ್ಕೆ ರಜೆ ಹಾಕಿದ್ದೇನೆ.