ಸಿಂಗಪುರದಲ್ಲಿ ಎಲ್ಲಿ ಉಳಿಯೋದು?

ರಜೆ ಹತ್ತಿರ ಬಂದರೆ ಸಾಕು, ಈ ಮೆಸೇಜ್ ಬಂದೇ ಬರುತ್ತದೆ. "ಮುಂದಿನ ತಿಂಗಳು ಸಿಂಗಪುರಕ್ಕೆ ಹೊರಟಿದ್ದೀವಿ. ನಾಲ್ಕು ದಿನ. ಅಪ್ಪ, ಅಮ್ಮನೂ ಬರ್ತಿದ್ದಾರೆ. ಯಾವ ಏರಿಯಾದಲ್ಲಿ ರೂಮ್ ಮಾಡಲಿ?"

ನನ್ನ ತಂಗಿ ಅಲ್ಲಿ ಆರು ವರ್ಷ ಕೆಲಸದಲ್ಲಿದ್ದಳು. ಅವಳದು ಒಂದೇ ಬಾಡಿಗೆ ಕೋಣೆ. ನೆಂಟರನ್ನು ಉಳಿಸಿಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ನಾನು, ಅಮ್ಮ ಹೋದಾಗಲೆಲ್ಲ ಹೊರಗೇ ರೂಮ್ ಮಾಡಿಕೊಂಡೆವು, ಒಂದೊಂದು ಸಲ ಒಂದೊಂದು ಕಡೆ. ನನ್ನ ಉತ್ತರ ಅಲ್ಲಿಂದ ಬಂದದ್ದು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲಿಟಲ್ ಇಂಡಿಯಾದಲ್ಲಿ ಉಳಿಯಿರಿ. ಅಲ್ಲಿ ಒಳ್ಳೆಯ ರೂಮ್ ಸಿಗದಿದ್ದರೆ ಹತ್ತಿರದ ಬುಗಿಸ್ ಏರಿಯಾ.

ಇದನ್ನು ಕೇಳಿದ ತಕ್ಷಣ ಕೆಲವರಿಗೆ ಬೇಜಾರಾಗುತ್ತದೆ. "ಅಷ್ಟು ದೂರ ಹೋಗಿ ಮತ್ತೆ ಇಂಡಿಯಾನಾ?" ಅನ್ನುತ್ತಾರೆ. ಪ್ರಶ್ನೆ ನ್ಯಾಯವಾಗಿಯೇ ಇದೆ. ಆದರೆ ರೂಮ್ ಆರಿಸುವಾಗ ನಾನು ನೋಡುವುದು ಬೆಳಗ್ಗೆ ಎಲ್ಲಿಗೆ ಹೋಗುತ್ತೇವೆ ಅಂತಲ್ಲ, ರಾತ್ರಿ ಹೇಗೆ ವಾಪಸ್ ಬರುತ್ತೇವೆ ಅಂತ. ಬೆಳಗ್ಗೆ ಎಲ್ಲರಿಗೂ ಹುರುಪು ಇರುತ್ತದೆ, ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ರಾತ್ರಿ ಎಂಟೂವರೆಗೆ ಕಾಲು ಸೋತಿರುತ್ತದೆ, ಬಟ್ಟೆ ಬೆವರಿನಿಂದ ಮೈಗೆ ಅಂಟಿರುತ್ತದೆ, ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಹಸಿವೂ ಆಗಿರುತ್ತದೆ. ಆ ಹೊತ್ತಿಗೆ ರೈಲಿಂದ ಇಳಿದು ಐದು ನಿಮಿಷಕ್ಕೆ ಊಟ, ಇನ್ನೈದು ನಿಮಿಷಕ್ಕೆ ಹಾಸಿಗೆ ಸಿಗಬೇಕು. ನಮ್ಮ ಕಡೆ ಹೋಟೆಲ್ ಅಂದರೆ ಮೊದಲು ನೆನಪಾಗುವುದು ಇಡ್ಲಿ, ಕಾಫಿ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ಸಿಂಗಪುರದಲ್ಲಿ ನಾನು ಈ ಎರಡನ್ನೂ ಒಟ್ಟಿಗೇ ಹುಡುಕುತ್ತೇನೆ.

ಲಿಟಲ್ ಇಂಡಿಯಾ ಸ್ಟೇಷನ್‌ನಲ್ಲಿ ಎರಡು ರೈಲು ಮಾರ್ಗ ಸೇರುತ್ತವೆ. ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ 2003ರಲ್ಲೇ ಬಂದಿತ್ತು. ನೀಲಿ ಬಣ್ಣದ ಡೌನ್‌ಟೌನ್ ಲೈನ್ 2015ರ ಕೊನೆಗೆ ಬಂತು. ನನ್ನ ಲೆಕ್ಕದಲ್ಲಿ ಈ ಏರಿಯಾದ ಬೆಲೆ ಹೆಚ್ಚಿದ್ದು ಆಗಲೇ. ನೀಲಿ ಲೈನ್ ಹತ್ತಿದರೆ ನಾಲ್ಕನೇ ಸ್ಟಾಪ್ ಬೇಫ್ರಂಟ್. ಮೂರು ಗೋಪುರಗಳ ಮೇಲೆ ಹಡಗಿನಂಥ ಕಟ್ಟಡ ಇರುವ ಮರೀನಾ ಬೇ ಸ್ಯಾಂಡ್ಸ್, ಗಾರ್ಡನ್ಸ್ ಬೈ ದ ಬೇ ಎರಡೂ ಅಲ್ಲೇ. ನೇರಳೆ ಲೈನ್‌ನಲ್ಲಿ ಮೂರನೇ ಸ್ಟಾಪ್ ಚೈನಾಟೌನ್, ಐದನೆಯದು ಹಾರ್ಬರ್‌ಫ್ರಂಟ್. ಸೆಂತೋಸಾ ದ್ವೀಪಕ್ಕೆ ಅಲ್ಲಿಂದಲೇ ಹೋಗುವುದು. ಎಲ್ಲಿಯೂ ರೈಲು ಬದಲಾಯಿಸಬೇಕಾಗಿಲ್ಲ. ದಾರಿಯಲ್ಲಿ ದೋಬಿ ಘಾಟ್ ಅಂತ ಒಂದು ಸ್ಟೇಷನ್ ಬರುತ್ತದೆ. ಹಿಂದೆ ಭಾರತದಿಂದ ಹೋದ ಅಗಸರು ಬಟ್ಟೆ ಒಗೆಯುತ್ತಿದ್ದ ಜಾಗ ಅದು. ಅಮ್ಮ ಆ ಹೆಸರು ಬಂದಾಗಲೆಲ್ಲ ಕಿಟಕಿ ಕಡೆ ತಿರುಗುತ್ತಿದ್ದಳು, ನೆಲದಡಿಯ ಸುರಂಗದಲ್ಲಿ ಕಾಣಲು ಏನೂ ಇಲ್ಲದಿದ್ದರೂ.

ಗಾರ್ಡನ್ಸ್ ಬೈ ದ ಬೇಯಲ್ಲಿ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ದೊಡ್ಡ ಮರದಾಕಾರದ ಗೋಪುರಗಳ ಬೆಳಕಿನಾಟ ನಡೆಯುತ್ತದೆ. ಟಿಕೆಟ್ ಇಲ್ಲ. ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು. ಅದು ಮುಗಿಸಿಕೊಂಡು ಹೊರಟರೂ ಕೋಮಲ ವಿಲಾಸದಲ್ಲಿ ದೋಸೆ ತಿನ್ನುವಷ್ಟು ಹೊತ್ತು ಉಳಿದಿರುತ್ತದೆ ಅನ್ನುವುದು ನಮ್ಮ ದೊಡ್ಡ ಸಮಾಧಾನವಾಗಿತ್ತು. ಸೆರಂಗೂನ್ ರಸ್ತೆಯ ಈ ಸಸ್ಯಾಹಾರಿ ಹೋಟೆಲ್ 1947ರಿಂದ ಇದೆ. ಆನಂದ ಭವನ ಇನ್ನೂ ಹಳೆಯದು, 1924ರದ್ದು. ಮಾಂಸ ತಿನ್ನುವವರಿಗೆ ಸಿಂಗಪುರದ ಯಾವ ಮೂಲೆಯೂ ಸ್ವರ್ಗವೇ. ಸಸ್ಯಾಹಾರಿಗಳಿಗೆ, ಅದರಲ್ಲೂ ವಯಸ್ಸಾದವರಿಗೆ, ಹಾಗಲ್ಲ. ತರಕಾರಿ ಪಲ್ಯ ಅಂತ ಕೊಟ್ಟದ್ದರಲ್ಲೂ ಒಣ ಸಿಗಡಿ, ಮೀನಿನ ಸಾಸ್ ಇರಬಹುದು. ಪ್ರತಿ ಊಟಕ್ಕೂ ವಿಚಾರಣೆ ಮಾಡುತ್ತಾ ಕೂತರೆ ದೊಡ್ಡವರು ಕೊನೆಗೆ "ನನಗೆ ಹಸಿವಿಲ್ಲ, ನೀವು ತಿನ್ನಿ" ಅಂದುಬಿಡುತ್ತಾರೆ. ಆ ಮಾತು ಕೇಳಿದರೆ ನಮ್ಮ ಊಟವೂ ಸೇರುವುದಿಲ್ಲ ಅಲ್ವಾ?

ಲಿಟಲ್ ಇಂಡಿಯಾ ಪ್ರವಾಸಿಗಳಿಗಾಗಿ ಕಟ್ಟಿದ ಜಾಗವೂ ಅಲ್ಲ. ಅಲ್ಲಿ ಬಫಲೋ ರೋಡ್ ಇದೆ, ಪಕ್ಕದಲ್ಲೇ ಕೆರ್ಬಾವ್ ರೋಡ್. ಮಲಯ ಭಾಷೆಯಲ್ಲಿ ಕೆರ್ಬಾವ್ ಅಂದರೂ ಎಮ್ಮೆಯೇ. ನೀರು, ಹುಲ್ಲು ಚೆನ್ನಾಗಿದ್ದ ಈ ತಗ್ಗಿನಲ್ಲಿ ಒಂದು ಕಾಲಕ್ಕೆ ದನ, ಎಮ್ಮೆ ವ್ಯಾಪಾರ ಜೋರಾಗಿತ್ತು. ಅದರ ಹಿಂದೆ ಜನ ಬಂದು ನೆಲೆಸಿದರು. ಈಗ ಅದೇ ಜಾಗದಲ್ಲಿ ಟೆಕ್ಕಾ ಮಾರುಕಟ್ಟೆ. ಬೆಂಡೆಕಾಯಿ, ನುಗ್ಗೆಕಾಯಿ, ಕರಿಬೇವಿನ ರಾಶಿ ನೋಡುತ್ತಾ ಅಮ್ಮ ಮುಕ್ಕಾಲು ಗಂಟೆ ಕಳೆದಳು. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಅಮ್ಮನಿಗೆ ಬರುವ ಅರೆಬರೆ ತಮಿಳಲ್ಲೇ ಹೂವಿನವರ ಹತ್ತಿರ ಮಲ್ಲಿಗೆ ದಿಂಡಿಗೆ ಚೌಕಾಸಿ ನಡೆಯಿತು. ಇಂಗ್ಲಿಷ್ ಬಾರದೆ ಎರಡು ದಿನ ನನ್ನ ಹಿಂದೆಯೇ ಸುಮ್ನೆ ನಡೆದಿದ್ದವಳು ಆವತ್ತು ಮುಂದೆ ನಡೆದಳು. ನನಗೆ ಆ ಏರಿಯಾ ಇಷ್ಟವಾಗಲು ರೈಲಿಗಿಂತ ಇದೇ ಮುಖ್ಯ ಕಾರಣ.

ಭಾನುವಾರ ಸಂಜೆ ಮಾತ್ರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಟ್ಟಡ ಕೆಲಸ, ಹಡಗುಕಟ್ಟೆ ಕೆಲಸ ಮಾಡುವ ತಮಿಳುನಾಡಿನ, ಆಂಧ್ರದ, ಬಾಂಗ್ಲಾದೇಶದ ಗಂಡಸರಿಗೆ ಅದು ವಾರದ ರಜೆ. ಊರಿಗೆ ದುಡ್ಡು ಕಳಿಸುತ್ತಾರೆ, ಹುಲ್ಲಿನ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಾರೆ, ಗೆಳೆಯರನ್ನು ನೋಡುತ್ತಾರೆ. ಇದನ್ನು ನೋಡಿ ಕೆಲವರು "ಆ ಏರಿಯಾ ಸರಿಯಿಲ್ಲ" ಅಂತ ಬರೆಯುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನಾವು ನೋಡಲು ಹೋಗುವ ಎತ್ತರದ ಕಟ್ಟಡಗಳಲ್ಲಿ ಅಂಥವರ ದುಡಿಮೆ ಇದೆ. ನಾವು ಅವರ ನಡುವೆಯೇ ಎಷ್ಟೋ ಸಲ ನಡೆದಿದ್ದೇವೆ, ಯಾರೂ ಒಂದು ಮಾತೂ ಆಡಿಲ್ಲ. ಗದ್ದಲ ಆಗದವರು ಮುಂದಿನ ಸ್ಟೇಷನ್ ಫ್ಯಾರರ್ ಪಾರ್ಕ್ ಕಡೆ ರೂಮ್ ನೋಡಿ. ನಡುರಾತ್ರಿ ದಾಟಿದರೂ ತೆರೆದಿರುವ ಮುಸ್ತಫಾ ಅಂಗಡಿಯೂ ಅತ್ತಲೇ ಹತ್ತಿರ.

ಬುಗಿಸ್ ನನ್ನ ಎರಡನೇ ಆಯ್ಕೆ. ಅಲ್ಲಿ ವಾಟರ್ಲೂ ಸ್ಟ್ರೀಟ್‌ನಲ್ಲಿ ಚೀನೀಯರ ಕ್ವಾನ್ ಇಮ್ ದೇವಸ್ಥಾನ, ಅದರ ಪಕ್ಕದಲ್ಲೇ ಶ್ರೀ ಕೃಷ್ಣನ ಗುಡಿ. ಚೀನೀ ಭಕ್ತರು ಅಲ್ಲಿ ಕೈಮುಗಿದು, ಇಲ್ಲಿ ಬಂದು ಕೃಷ್ಣನಿಗೂ ಊದುಬತ್ತಿ ಹಚ್ಚುತ್ತಾರೆ. ಹತ್ತಿರದ ಫಾರ್ಚೂನ್ ಸೆಂಟರ್ ಅನ್ನುವ ಕಟ್ಟಡದಲ್ಲಿ ಚೀನೀ ಶೈಲಿಯ ಸಸ್ಯಾಹಾರಿ ತಿಂಡಿಯಂಗಡಿಗಳು ಹಲವು ಇವೆ. ದೋಸೆ ಸಾಕು, ಬೇರೆ ರುಚಿ ಬೇಕು ಅನ್ನುವ ಸಸ್ಯಾಹಾರಿಗಳಿಗೆ ಇಲ್ಲಿ ಉಳಿಯುವುದೇ ಸರಿ.

ಉಳಿದ ಕಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರೀನಾ ಬೇ ಬಹಳ ದುಬಾರಿ, ಅದರ ಚೆಂದವನ್ನು ಹೊರಗಿನಿಂದಲೂ ನೋಡಬಹುದು. ಆರ್ಚರ್ಡ್ ರಸ್ತೆ ಶಾಪಿಂಗ್ ಮಾಡುವವರಿಗೆ. ಸೆಂತೋಸಾ, ಮಕ್ಕಳಿಗೆ ಯೂನಿವರ್ಸಲ್ ಸ್ಟುಡಿಯೋಸ್, ಸಮುದ್ರ ದಂಡೆ ಇಷ್ಟೇ ಸಾಕು ಅನ್ನುವ ಮನೆಯವರಿಗೆ. ಗೆಲಾಂಗ್‌ನಲ್ಲಿ ರೇಟ್ ಕಡಿಮೆ ಕಾಣುತ್ತದೆ. ಆದರೆ ಅದರ ಒಂದು ಭಾಗ ಕೆಂಪುದೀಪದ ಗಲ್ಲಿಗಳು, ಗೊತ್ತಿಲ್ಲದೆ ಬುಕ್ ಮಾಡಿ ಮುಜುಗರ ಪಟ್ಟವರಿದ್ದಾರೆ. ಇನ್ನು ಕೆಲವರು ಮಲೇಷ್ಯಾದ ಜೊಹೋರ್ ಬಾರುವಿನಲ್ಲಿ ಅಗ್ಗಕ್ಕೆ ಉಳಿದು ದಿನಾ ಗಡಿ ದಾಟಿ ಬರುವ ಯೋಚನೆ ಹಾಕುತ್ತಾರೆ. ನಾಲ್ಕು ದಿನದ ಪ್ರವಾಸದಲ್ಲಿ ದಿನಕ್ಕೆರಡು ಸಲ ಪಾಸ್‌ಪೋರ್ಟ್ ಹಿಡಿದು ಕ್ಯೂ ನಿಲ್ಲುವುದು ಬೇಡವೇ ಬೇಡ.

"ಅಡುಗೆಮನೆ ಇರೋ ಮನೆ ಬಾಡಿಗೆಗೆ ಸಿಗುತ್ತಾ?" ಅಂತಲೂ ಕೇಳುತ್ತಾರೆ. ಸಿಂಗಪುರದಲ್ಲಿ ವಾಸದ ಮನೆಯನ್ನು ಹೀಗೆ ನಾಲ್ಕು ದಿನಕ್ಕೆ ಕೊಡುವುದು ಕಾನೂನಿಗೆ ವಿರುದ್ಧ. ಖಾಸಗಿ ಮನೆಗೆ ಕನಿಷ್ಠ ಮೂರು ತಿಂಗಳು, ಸರ್ಕಾರಿ ವಸತಿಯ ಫ್ಲ್ಯಾಟ್‌ಗೆ ಕನಿಷ್ಠ ಆರು ತಿಂಗಳು. ಯಾರಾದರೂ ಕೊಡುತ್ತೇವೆ ಅಂದರೆ ದುಡ್ಡು ಕಳಿಸಬೇಡಿ.

ಏರಿಯಾ ಗೊತ್ತಾದ ಮೇಲೂ ರೂಮ್ ತಪ್ಪಾಗಬಹುದು. ನಮಗೆ ಮೊದಲ ಸಲ ಆದದ್ದು ಅದೇ. ರೇಟ್ ನೋಡಿ ಬುಕ್ ಮಾಡಿದ್ದೆ, ಹೋಗಿ ನೋಡಿದರೆ ಕಿಟಕಿಯೇ ಇಲ್ಲ. ಸಿಂಗಪುರದ ಅಗ್ಗದ ಹೋಟೆಲ್‌ಗಳಲ್ಲಿ ಇಂಥ ರೂಮ್ ಸಾಮಾನ್ಯ. ಅಮ್ಮ ಊರಲ್ಲಿ ಬೆಳಗ್ಗೆ ಐದೂವರೆಗೆ ಏಳುವವಳು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದರೆ ಅಲ್ಲಾಗಲೇ ಎಂಟು. ಅವಳಿಗೆ ಎಚ್ಚರವಾಗಿದೆ, ಸುತ್ತ ಗವ್ವೆನ್ನುವ ಕತ್ತಲು. ಇನ್ನೂ ನಡುರಾತ್ರಿ ಅಂದುಕೊಂಡು, ನನ್ನ ನಿದ್ದೆ ಕೆಡಬಾರದು ಅಂತ, ಒಂದೂವರೆ ಗಂಟೆ ಅಲುಗಾಡದೆ ಮಲಗಿದ್ದಳು. ಮೂರೂ ದಿನ ಬೆಳಕು ಹರಿಯುವುದನ್ನು ನೋಡಲಿಲ್ಲ. ಅದಕ್ಕೇ ಹೇಳುವುದು, ಬುಕ್ ಮಾಡುವಾಗ ರೂಮಿನ ವಿವರ ಪೂರ್ತಿ ಓದಿ. ಕಿಟಕಿ ಇದೆಯೋ ಇಲ್ಲವೋ ಸಾಮಾನ್ಯವಾಗಿ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಕೇಳಿ.

ಲಿಫ್ಟ್ ಕೂಡ ಕೇಳಿ. ಲಿಟಲ್ ಇಂಡಿಯಾ, ಚೈನಾಟೌನ್ ಕಡೆ ಹಳೆಯ ಅಂಗಡಿಮನೆಗಳನ್ನೇ ಹೋಟೆಲ್ ಮಾಡಿರುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡಗಳು. ನೋಡಲು ಬಹಳ ಚೆಂದ, ಮೆಟ್ಟಿಲು ಮಾತ್ರ ಕಿರಿದು, ಕಡಿದಾದದ್ದು. ಮಂಡಿ ನೋವಿರುವವರಿಗೆ ಕಷ್ಟ. ಆದರೆ ಈ ಸಾಲುಗಳ ಮುಂದೆ ಐದಡಿ ಅಗಲದ, ಮೇಲೆ ಸೂರಿರುವ ಜಗಲಿ ಇರುತ್ತದೆ. 1822ರಲ್ಲಿ, ಸಿಂಗಪುರದಲ್ಲಿ ಬ್ರಿಟಿಷ್ ನೆಲೆ ಹಾಕಿದ ರಾಫಲ್ಸ್ ಊರಿನ ನಕ್ಷೆ ಮಾಡಿಸುವಾಗಲೇ ಹಾಕಿದ ನಿಯಮ ಅದು. ವರ್ಷವಿಡೀ ಮಳೆ ಬೀಳುವ ಊರಲ್ಲಿ ಸ್ಟೇಷನ್‌ನಿಂದ ರೂಮಿಗೆ ಜಗಲಿಯಲ್ಲೇ ನಡೆದು ಹೋಗಬಹುದಾದರೆ ಅದು ದೊಡ್ಡ ಅನುಕೂಲ. ಮ್ಯಾಪ್‌ನಲ್ಲಿ ಒಂಬತ್ತು ನಿಮಿಷ ಅಂತ ತೋರಿಸಿದರೆ ದೊಡ್ಡವರ ಜೊತೆ ಇಪ್ಪತ್ತು ನಿಮಿಷ ಅಂತಲೇ ಇಟ್ಟುಕೊಳ್ಳಿ.

ದುಡ್ಡಿನ ವಿಷಯ. ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಂಡರೆ 10% ಸರ್ವಿಸ್ ಚಾರ್ಜ್, ಅದರ ಮೇಲೆ 9% ತೆರಿಗೆ ಸೇರುತ್ತದೆ ಅಂತ ಅರ್ಥ. 150 ಸಿಂಗಪುರ ಡಾಲರ್ ಅಂತ ಕಂಡ ರೂಮ್ ಹೆಚ್ಚುಕಡಿಮೆ 180 ಆಗುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಹೋಗುವವರು ಫಾರ್ಮುಲಾ ಒನ್ ರೇಸ್ ಯಾವಾಗ ಅಂತ ನೋಡಿಕೊಳ್ಳಿ. 2008ರಿಂದ ಊರ ನಡುವಿನ ರಸ್ತೆಗಳಲ್ಲೇ ರಾತ್ರಿ ರೇಸ್ ನಡೆಯುತ್ತದೆ. ಆ ವಾರ ರೇಟ್ ವಿಪರೀತ ಏರುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳುವ ಖರ್ಚು ಇಲ್ಲ.

ಕೊನೆಯದಾಗಿ ವಿಮಾನದ ಸಮಯ. ಬೆಂಗಳೂರಿಂದ ರಾತ್ರಿ ಹೊರಟರೆ ನಾಲ್ಕೂವರೆ ಗಂಟೆಯ ಹಾರಾಟ. ಬೆಳಗ್ಗೆ ಆರರ ಆಸುಪಾಸಿಗೆ ಇಳಿಯುತ್ತೀರಿ. ರೂಮ್ ಕೊಡುವುದು ಮಧ್ಯಾಹ್ನ ಎರಡು, ಮೂರು ಗಂಟೆಗೆ. ಲಗೇಜ್ ಇಟ್ಟುಕೊಳ್ಳುತ್ತಾರೆ, ನಿದ್ದೆಗೆಟ್ಟ ದೊಡ್ಡವರನ್ನು ಎಲ್ಲಿ ಕೂರಿಸುವುದು? ಮೊದಲೇ ಬರೆದು ಬೇಗ ರೂಮ್ ಕೊಡುತ್ತೀರಾ ಅಂತ ಕೇಳಿ. ಅಪ್ಪ, ಅಮ್ಮ ಜೊತೆಗಿದ್ದರೆ ಹಿಂದಿನ ರಾತ್ರಿಯಿಂದಲೇ ರೂಮ್ ಹಿಡಿಯಿರಿ, ಒಂದು ದಿನದ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಬೆಳಗ್ಗೆ ಬರುತ್ತೇವೆ ಅಂತ ಹೋಟೆಲ್‌ನವರಿಗೆ ತಿಳಿಸಲು ಮರೆಯಬೇಡಿ, ಇಲ್ಲದಿದ್ದರೆ ನೀವು ಬರಲೇ ಇಲ್ಲ ಅಂತ ಬುಕಿಂಗ್ ರದ್ದಾಗಬಹುದು. ಟ್ಯಾಕ್ಸಿ ಮೀಟರ್ ಮೇಲೆ ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಅರ್ಧದಷ್ಟು ಜಾಸ್ತಿ. ಐದೂವರೆಗೆ ಹೊರಬಂದರೆ ವಿಮಾನ ನಿಲ್ದಾಣದಲ್ಲೇ ಒಂದು ಕಾಫಿ ಕುಡಿದು ಆರು ದಾಟಿಸಿ.

ಮುಂದಿನ ಸಲ ನನಗೆ ಮೆಸೇಜ್ ಹಾಕುವಾಗ ಇಷ್ಟು ಬರೆಯಿರಿ: ಎಷ್ಟು ಜನ, ಯಾರಿಗೆ ಮಂಡಿ ನೋವು, ಯಾರು ಏನು ತಿನ್ನುವುದಿಲ್ಲ, ವಿಮಾನ ಎಷ್ಟಕ್ಕೆ ಇಳಿಯುತ್ತದೆ. ಆಗ ಏರಿಯಾ ಅಷ್ಟೇ ಅಲ್ಲ, ಯಾವ ಬೀದಿಯ ಯಾವ ಬದಿ ಅಂತಲೂ ಕೂತು ನೋಡಿ ಹೇಳುತ್ತೇನೆ.